ಹನ್ನೊಂದು ಸೆಕೆಂಡು

"ಇನ್ನೊಂದು ಚೂರು ಎತ್ತಿ ಹಿಡ್ಕೊಳಮ್ಮ, ಹಿಂದೆ ಪಿನ್ನು ಹಾಕ್ಬಿಡ್ತೀನಿ."

ಮಗಳು ಅಪ್ಪನ ತಣ್ಣಗಾಗಿದ್ದ ಹೆಗಲಿನಡಿ ಕೈ ಕೊಟ್ಟು ಎತ್ತಿದಳು. ಅಪ್ಪನನ್ನು ಹೀಗೆ ತಬ್ಬಿ ಹಿಡಿದು ಹತ್ತೊಂಬತ್ತು ವರ್ಷಗಳೇ ಆಗಿದ್ದವು. ಏನಾದರೂ ಅನ್ನಿಸೀತು ಎಂದು ಕಾದಳು. ಏನೂ ಅನ್ನಿಸಲಿಲ್ಲ. ಕಡುನೀಲಿ ಸಮವಸ್ತ್ರದ ಕೋಟು ಮೈಗೆ ದೊಗಳೆಯಾಗಿತ್ತು. ಹಿಂದೆ ಮಡಿಚಿ ಪಿನ್ನು ಚುಚ್ಚದಿದ್ದರೆ ಬೇರೆಯವರ ಕೋಟು ಹಾಕಿಕೊಂಡು ಹೊರಟವರ ಹಾಗೆ ಕಾಣುತ್ತಿದ್ದರು. ಆದರೆ ಅಮ್ಮ ಹಟ ಹಿಡಿದಿದ್ದಳು: ಕೋಟಿನಲ್ಲೇ ಹೋಗಬೇಕು.

"ನಿವೃತ್ತಿ ಆದಮೇಲೆ ಕೋಟು ವಾಪಸ್ ಕೊಡ್ಬೇಕಿತ್ತು," ಎಂದು ಪಿನ್ನು ಹಾಕುತ್ತಿದ್ದವರು ನಕ್ಕರು. "ಕೇಳೋರು ಬಂದ್ರೆ ಕಳ್ದೋಯ್ತು ಅನ್ನಿ."

ಅವರು ಎಡಬಾಗಿಲು ಮಾಮ. ಸಂಸತ್ತಿನ ಮೇಲ್ಮನೆಯ ಸಭಾಂಗಣಕ್ಕೆ ಎರಡು ಬಾಗಿಲು. ಮೂವತ್ತನಾಲ್ಕು ವರ್ಷ ಬಲಬಾಗಿಲಲ್ಲಿ ನಿಂತವರು ಅಪ್ಪ. ಎಡಬಾಗಿಲಲ್ಲಿ ಇವರು ಈಗಲೂ ನಿಲ್ಲುತ್ತಾರೆ. ಹೇಳಿಕೊಳ್ಳುವಂಥ ಕೆಲಸವೇನೂ ಅಲ್ಲ. ಮತಕ್ಕೆ ಹಾಕುವ ಹೊತ್ತಿಗೆ ಮೂರು ನಿಮಿಷ ಗಂಟೆ ಮೊಳಗುತ್ತದೆ. ಗ್ರಂಥಾಲಯದಲ್ಲಿ ತೂಕಡಿಸುತ್ತಿದ್ದವರು, ಕ್ಯಾಂಟೀನಿನಲ್ಲಿ ಹರಟುತ್ತಿದ್ದವರು ಎದ್ದುಬಿದ್ದು ಓಡಿಬರುತ್ತಾರೆ. ಗಂಟೆ ನಿಂತ ಕೂಡಲೇ ಎರಡೂ ಬಾಗಿಲು ಹಾಕಬೇಕು. ಒಳಗಿದ್ದವರಿಗೆ ಮತ, ಹೊರಗುಳಿದವರಿಗೆ ಮರದ ಹಲಗೆ. ಎಂಥ ಘನಂದಾರಿ ಮನುಷ್ಯನಾದರೂ ಆಮೇಲೆ ತಟ್ಟುವ ಹಾಗಿಲ್ಲ.

ಮಾಮ ಗಡಿಯಾರ ನೋಡಿಕೊಂಡರು. "ಮೂರೂ ಮುಕ್ಕಾಲು ತನಕ ಅಷ್ಟೇ ರಜ ಕೊಟ್ಟಿದಾರೆ ಕಣಮ್ಮ. ನಾಲ್ಕಕ್ಕೆ ಗಂಟೆ. ಇವತ್ತೇ ಬರ್ಬೇಕಾ ಆ ಮಸೂದೆ, ಹತ್ತೊಂಬತ್ತು ವರ್ಷ ಬಿಟ್ಟು."

ಯಾವ ಮಸೂದೆ ಎಂದು ಮಗಳು ಕೇಳಲಿಲ್ಲ. ಆ ಮನೆಯಲ್ಲಿ ಅದರ ಹೆಸರೆತ್ತುವ ರೂಢಿಯೇ ಇರಲಿಲ್ಲ.

"ಮೂವತ್ನಾಲ್ಕು ವರ್ಷದಲ್ಲಿ ನಿಮ್ಮಪ್ಪಂಗೆ ಸಿಕ್ಕಿದ್ದು ಒಂದೇ ಮೆಮೊ," ಎಂದು ಮಾಮ ಕೋಟಿನ ತೋಳು ನೇವರಿಸಿದರು. "ನನಗೆ ಏಳು ಸಿಕ್ಕಿದೆ."

"ಗೊತ್ತು. ಬಾಗಿಲು ಬೇಗ ಹಾಕಿದ್ದಕ್ಕೆ."

"ಬೇಗ ಎಲ್ಲಮ್ಮ? ತಡವಾಗಿ ಹಾಕಿದ್ದಕ್ಕೆ."

ಮಗಳು ಕೈಯಲ್ಲಿದ್ದ ಪಿನ್ನಿನ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಹನ್ನೊಂದು ಸೆಕೆಂಡು ತಡ," ಎಂದರು ಮಾಮ. "ಆ ಮಸೂದೇನ ವಿರೋಧ ಮಾಡ್ತಿದ್ದೋರು ಗಡಿಯಾರ ಹಿಡ್ಕೊಂಡೇ ಕೂತಿದ್ರು, ಲಿಖಿತ ದೂರು ಕೊಟ್ರು. ಗೆದ್ದಿದ್ದು ಅವ್ರೇ ಆದ್ದರಿಂದ ಎಳೆಯೋಕೆ ಹೋಗ್ಲಿಲ್ಲ. ಒಂದು ಮೆಮೊ ಕೊಟ್ಟು ಕಡತ ಮುಚ್ಚಿದ್ರು. ನಿಂಗೆ ಗೊತ್ತಿಲ್ವಾ?"

"ಯಾರಿಗೋಸ್ಕರ ಕಾದ್ರು?"

"ನಾನು ಎಡಬಾಗಿಲಲ್ಲಿದ್ದೆ. ಕಾಣ್ತಿರ್ಲಿಲ್ಲ."

"ಅಪ್ಪ ನಮಗ್ಯಾಕೆ ಹೇಳ್ಲಿಲ್ಲ?"

"ಬಾಗಿಲಲ್ಲಿ ಕಂಡಿದ್ದು ಯಾರಿಗೂ ಹೇಳಲ್ಲ ಅಂತ ಕೆಲ್ಸಕ್ಕೆ ಸೇರುವಾಗ್ಲೇ ಬರ್ಕೊಟ್ಟಿರ್ತೀವಿ. ನಾನೂ ಬರ್ಕೊಟ್ಟಿದೀನಿ. ನಾನು ಹೆಂಡತಿ ಹತ್ರ ಹೇಳ್ತೀನಿ, ಅವಳು ಊರಿಗೆಲ್ಲ ಹೇಳ್ತಾಳೆ. ನಿಮ್ಮಪ್ಪ ಆ ಕಾಗದಾನ ನಿಜ ಅಂತ ನಂಬ್ಕೊಂಡುಬಿಟ್ಟಿದ್ದ."

*

ಆಗ ಮಗಳಿಗೆ ಇಪ್ಪತ್ತನಾಲ್ಕು. ಮೇಲ್ಮನೆಗೆ ಯಾರು ಬರಬೇಕೆಂದು ನಗರಸಭೆಗಳ ಅಧ್ಯಕ್ಷರೂ ಪಕ್ಷಗಳ ಮುಖಂಡರೂ ತಮ್ಮತಮ್ಮಲ್ಲೇ ಗುಟ್ಟಾಗಿ ಆರಿಸಿಕೊಳ್ಳುತ್ತಿದ್ದರು. ಒಮ್ಮೆ ಬಂದವರು ಸಾಮಾನ್ಯವಾಗಿ ಸಾಯುವ ತನಕ ಹೋಗುತ್ತಿರಲಿಲ್ಲ. ಅದನ್ನು ಬದಲಿಸಲು ಮಸೂದೆ ಬಂದಿತ್ತು: ಜನರೇ ನೇರವಾಗಿ ಮತ ಹಾಕಬೇಕು, ಒಬ್ಬರಿಗೆ ಎರಡು ಅವಧಿ, ಅಷ್ಟೇ. ಅವಳು ಅಂಚೆ ಕಚೇರಿಯ ಕೆಲಸ ಮುಗಿಸಿ ಸಂಜೆ ಸಂಜೆ ಮನೆ ಮನೆ ಹತ್ತಿ ಇಳಿದು ನಾಲ್ಕು ಸಾವಿರ ಸಹಿ ಕೂಡಿಸಿದ್ದಳು. ಅಪ್ಪ ಅದಕ್ಕೆ ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ. ಅವಳ ಚಪ್ಪಲಿ ಸವೆದದ್ದು ಕಂಡು ಹೊಸ ಜೊತೆ ತಂದಿಟ್ಟರು.

ಮಸೂದೆಯ ಪರವಾಗಿ ಗಂಟಲು ಹರಿದುಕೊಂಡು ಮಾತಾಡಿದವರು ಹಿರಿಯ ಸದಸ್ಯರೊಬ್ಬರು. ಮೇಲ್ಮನೆಯಲ್ಲಿ ಕೂತು ಕೂತು ಆಗಲೇ ಕೈಗೆ ಕೋಲು ಬಂದಿತ್ತು. ಮತದ ದಿನ ಮಗಳು ನೂರಾರು ಜನರ ಜೊತೆ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಒಂದೇ ಒಂದು ಮತ ಸಾಲದೆ ಮಸೂದೆ ಬಿತ್ತು. ಆ ಒಂದು ಮತ ಹಾಕಬೇಕಿದ್ದ ಹಿರಿಯ ಸದಸ್ಯರು ಕೋಲೂರುತ್ತ ಹೊರಗೆ ಬಂದು, ಕ್ಯಾಮೆರಾಗಳ ಮುಂದೆ ಕಣ್ಣೊರೆಸಿಕೊಂಡರು. "ಓಡಿ ಬಂದೆ. ಮುಖದ ಮೇಲೇ ಬಾಗಿಲು ಹಾಕಿಬಿಟ್ಟರು."

ಯಾವ ಬಾಗಿಲು ಎಂದು ಯಾರೋ ಕೇಳಿದರು. ಬಲಬಾಗಿಲು ಎಂದರು.

ಆ ದಿನ ಅಪ್ಪ ಮನೆಗೆ ಬಂದು ಬೂಟಿನ ದಾರ ಬಿಚ್ಚುತ್ತಿದ್ದಾಗ ಮಗಳು ಎದುರಿಗೆ ನಿಂತು ಕೇಳಿದಳು. "ಬೇಗ ಹಾಕಿದ್ರಾ?"

"ಗಂಟೆ ನಿಂತಮೇಲೆ ಹಾಕಿದೆ."

"ಅವರು ಬರ್ತಿದ್ದಿದ್ದು ಕಾಣ್ಲಿಲ್ವಾ?"

ಅಪ್ಪ ಇನ್ನೊಂದು ಬೂಟಿನ ದಾರ ಬಿಚ್ಚಿದರು. "ಊಟ ಮಾಡು," ಎಂದರು.

ಅವಳು ಊಟ ಮಾಡಲಿಲ್ಲ. ಆ ತಿಂಗಳೇ ಬೇರೆ ಊರಿಗೆ ವರ್ಗ ಮಾಡಿಸಿಕೊಂಡಳು. ಬೀದಿಯಲ್ಲಿ ಅಪ್ಪನಿಗೆ "ಬಾಗಿಲಪ್ಪ" ಎಂಬ ಹೆಸರು ಬಿತ್ತು. ಯಾರಿಂದಲೋ ಕೈ ಬೆಚ್ಚಗೆ ಮಾಡಿಸಿಕೊಂಡು ಬಾಗಿಲು ಹಾಕಿದ ಎಂದು ಕಟ್ಟಿಂಗ್ ಅಂಗಡಿಯಲ್ಲಿ ಆಡಿಕೊಂಡರು. ವರ್ಷ ಕಳೆದ ಮೇಲೆ ಹಿರಿಯ ಸದಸ್ಯರು ಒಂದು ಸಭೆಯಲ್ಲಿ, "ಆ ಬಡ ನೌಕರನನ್ನು ನಾನು ಕ್ಷಮಿಸಿದ್ದೇನೆ," ಎಂದರು. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಗಳೂ ಸಭೆಯಲ್ಲಿದ್ದಳು. ಅವಳೂ ತಟ್ಟಿದ್ದಳು.

*

ಚಿತಾಗಾರದಲ್ಲಿ ಅವರಿಗೆ ಕೊಟ್ಟಿದ್ದ ಹೊತ್ತು ಮೂರರಿಂದ ನಾಲ್ಕು. ಉದ್ದನೆಯ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೊಂದು ದೊಡ್ಡ ಗಡಿಯಾರ. ಬಂದವರು ಹತ್ತೊಂಬತ್ತು ಜನ. ಅಮ್ಮ ಮುಂದಿನ ಸಾಲಿನಲ್ಲಿ ಕೂತು, ಕೋಟಿನ ಗುಂಡಿಗಳು ನೆಟ್ಟಗಿವೆಯೇ ಎಂದಷ್ಟೇ ನೋಡುತ್ತಿದ್ದಳು. ಮಗಳ ತಲೆಯಲ್ಲಿ ಹನ್ನೊಂದು ಸೆಕೆಂಡು ಒಂದೇ ಓಡುತ್ತಿತ್ತು. ಒಂದರಿಂದ ಹನ್ನೊಂದರ ತನಕ ನಿಧಾನವಾಗಿ ಎಣಿಸಿ ನೋಡಿದಳು. ಕಣ್ಣೆದುರು ಒಬ್ಬ ಮನುಷ್ಯ ಇದ್ದರೆ ಅದು ಬಹಳ ಹೊತ್ತು.

ಮೂರೂ ಹತ್ತಕ್ಕೆ ಹೊರಗೆ ಕಾರು ನಿಂತಿತು. ಕೋಲಿನ ಸದ್ದು ಕೇಳಿ ಜನ ತಾವಾಗಿಯೇ ಎದ್ದರು. ಹಿರಿಯ ಸದಸ್ಯರು. ಎಂಬತ್ತು ದಾಟಿದ್ದರೂ ಅದೇ ಬಿಳಿ ಬಟ್ಟೆ, ಅದೇ ಖಣಖಣ ಎನ್ನುವ ದನಿ. ಅಪ್ಪನ ತಮ್ಮನಾದ ಚಿಕ್ಕಪ್ಪ ಎಲ್ಲರನ್ನೂ ಸರಿಸಿ ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಟ್ಟ. ಅಣ್ಣನ ಸಾವಿಗೆ ಇಷ್ಟು ದೊಡ್ಡವರು ಬಂದರೆಂದು ಅವನ ಮುಖ ಬೆಳಗಿಬಿಟ್ಟಿತ್ತು, ಪಾಪ.

"ನಮ್ಮ ನಡುವೆ ಏನಿದ್ರೂ ಅದು ಮುಗಿದ ಮಾತು," ಎಂದು ಅವರು ಕೋಣೆಗೆಲ್ಲ ಕೇಳುವಂತೆ ಅಮ್ಮನಿಗೆ ಹೇಳಿದರು. ಅಮ್ಮ ತಲೆಯಾಡಿಸಿದಳು. ಅಂದು ಅಮ್ಮ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು.

ಮೂರೂ ಇಪ್ಪತ್ತೈದಕ್ಕೆ ಎಡಬಾಗಿಲು ಮಾಮ ಎದ್ದು ಬಂದು ಅವರ ಮುಂದೆ ಬಗ್ಗಿದರು. "ಸರ್, ನಾಲ್ಕಕ್ಕೆ ಮತ. ಇಲ್ಲಿಂದ ಇಪ್ಪತ್ತು ನಿಮಿಷ ಬೇಕು. ಒಟ್ಟಿಗೇ ಹೊರಡೋಣ್ವಾ?"

"ನೀವು ಮುಂದೆ ನಡೀರಿ. ನಾನು ಕಡೇ ತನಕ ಇದ್ದು ಬರ್ತೀನಿ."

"ಈ ಸಲಾನೂ ಒಂದೆರಡು ಮತದಲ್ಲೇ ನಿಂತಿದೆ ಅಂತಾರೆ ಸರ್."

"ಗೊತ್ತಪ್ಪ."

ಮಾಮ ಅಲ್ಲಿಯೇ ನಿಂತರು. ಅವರನ್ನೊಮ್ಮೆ, ಮಲಗಿದ್ದ ಗೆಳೆಯನನ್ನೊಮ್ಮೆ ನೋಡಿದರು. ಆಮೇಲೆ ಅಪ್ಪನ ಬೂಟಿನ ತುದಿ ಮುಟ್ಟಿ ಹೊರಟುಹೋದರು. ತಾವು ತಡಮಾಡುವ ಹಾಗಿರಲಿಲ್ಲ.

ಮಗಳು ಬಂದು ಹಿರಿಯ ಸದಸ್ಯರ ಪಕ್ಕದ ಕುರ್ಚಿಯಲ್ಲಿ ಕೂತಳು.

"ಸರ್, ಅವತ್ತು ನೀವು ಬಾಗಿಲಿಂದ ಎಷ್ಟು ದೂರದಲ್ಲಿದ್ರಿ?"

"ಯಾವತ್ತು? ಓ. ಮೊಗಸಾಲೆಯ ಆ ತುದಿಯಿಂದ ಓಡಿ ಬಂದೆನಮ್ಮ. ಈ ಕಾಲಲ್ಲಿ."

"ಬಾಗಿಲು ಹಾಕುವಾಗ ಎಷ್ಟು ದೂರ?"

"ಹತ್ತಿರ ಹತ್ತಿರ... ಕಂಬದ ಹತ್ತಿರ."

ಆ ಕಂಬ ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ರಜೆಯ ದಿನ ಅಪ್ಪ ಕರೆದುಕೊಂಡು ಹೋಗಿ ತೋರಿಸಿದ್ದರು. ಬಲಬಾಗಿಲಿಗೂ ಕಂಬಕ್ಕೂ ನಡುವೆ ಆರು ಹೆಜ್ಜೆ. ಅವಳ ಆಗಿನ ಪುಟ್ಟ ಹೆಜ್ಜೆಯಲ್ಲಿ ಆರು.

"ಗಂಟೆ ನಿಂತಮೇಲೆ ಅಪ್ಪ ಹನ್ನೊಂದು ಸೆಕೆಂಡು ಬಾಗಿಲು ಹಿಡ್ಕೊಂಡಿದ್ರಂತೆ," ಎಂದಳು. "ಅದಕ್ಕೆ ಮೆಮೊ ಕೊಟ್ಟಿದಾರೆ. ಅಷ್ಟು ಹೊತ್ತು ಅವರು ಏನು ಮಾಡ್ತಿದ್ರು?"

ಹಿರಿಯ ಸದಸ್ಯರು ಕೋಲನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡರು. "ನೋಡ್ತಿದ್ರು," ಎಂದರು.

"ಯಾರನ್ನ?"

"ನಿಮ್ಮ ತಂದೆ ಒಳ್ಳೆಯವರಮ್ಮ. ಯಾರ ಹತ್ರಾನೂ ಒಂದು ಮಾತು ಆಡ್ಲಿಲ್ಲ."

ಮಗಳಿಗೆ ಸಿಟ್ಟು ಬರಬೇಕಿತ್ತು. ಎದ್ದು ನಿಂತು ಹತ್ತೊಂಬತ್ತು ಜನರ ಮುಂದೆ ಕೂಗಬೇಕಿತ್ತು. ಅವಳು ಕೂತೇ ಇದ್ದಳು. ಮುಖದ ಮೇಲೆ ಬಾಗಿಲು ಹಾಕಿಸಿಕೊಂಡವರೆಂಬ ಹೆಸರಿನಲ್ಲಿ ಇವರು ಈ ಹತ್ತೊಂಬತ್ತು ವರ್ಷವೂ ಮೇಲ್ಮನೆಯಲ್ಲೇ ಕೂತಿದ್ದರು. ಅಪ್ಪ ಆ ಬೀದಿಯಲ್ಲೇ ಓಡಾಡಿಕೊಂಡು ಹಾಲು ತಂದಿದ್ದರು, ಆ ಅಂಗಡಿಯಲ್ಲೇ ಕೂದಲು ಕತ್ತರಿಸಿಕೊಂಡಿದ್ದರು. ಹಬ್ಬಕ್ಕೊಮ್ಮೆ ಫೋನು ಮಾಡಿದ ಮಗಳಿಗೆ ಊಟ ಆಯಿತಾ ಎಂದಷ್ಟೇ ಕೇಳಿದ್ದರು.

ಗೋಡೆಯ ಗಡಿಯಾರದಲ್ಲಿ ಮೂರೂ ಮೂವತ್ತನಾಲ್ಕು.

"ಸರ್, ಈಗ ಹೊರಟ್ರೂ ಸಿಗುತ್ತೆ," ಎಂದಳು. ಅವಳ ದನಿ ಅಂಚೆ ಕಚೇರಿಯ ಕೌಂಟರಿನ ದನಿಯಾಗಿತ್ತು. "ಕಾರು ಬಾಗಿಲಲ್ಲೇ ಇದೆ. ಅಪ್ಪನಿಗೆ ಏನೂ ಅಡ್ಡಿಯಿಲ್ಲ. ಹೊರಡಿ."

"ಸಾವಿಗೆ ಬಂದವರು ನಡುವೆ ಎದ್ದು ಹೋಗಬಾರದಮ್ಮ."

"ನಾವೇ ಹೇಳ್ತಿದೀವಿ, ಹೋಗಿ ಅಂತ."

"ನೀನು ದುಃಖದಲ್ಲಿದ್ದೀಯ," ಎಂದರು ಅವರು ಮೃದುವಾಗಿ, ಮತ್ತು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿ ಕೂತರು.

ಖಾಕಿ ಬಟ್ಟೆಯ ನೌಕರ ಬಂದು, ಮನೆಯವರು ಕೊನೆಯ ಬಾರಿ ನೋಡಿಕೊಳ್ಳಬಹುದು ಎಂದ. ಅಮ್ಮ ಎದ್ದು ಹೋಗಿ ಅಪ್ಪನ ಕಾಲರು ಸರಿಮಾಡಿದಳು. ಮಗಳು ಬಗ್ಗಿ ಅಪ್ಪನ ಕಿವಿಯ ಬಳಿ ಏನಾದರೂ ಹೇಳಬೇಕೆಂದುಕೊಂಡಳು. ಅವಳಿಗೆ ತೋಚಿದ್ದು ಒಂದೇ.

"ಊಟ ಮಾಡ್ತೀನಿ," ಎಂದಳು.

ಅಪ್ಪ ಮಲಗಿದ್ದ ಹಲಗೆ ಒಳಗೆ ಸರಿಯಿತು. ಒಳಗಡೆ ಯಂತ್ರದ ಸದ್ದು ಶುರುವಾಗಿ, ಒಂದೇ ಸಮನೆ ನಡೆಯತೊಡಗಿತು. ಜನ ಗುಸುಗುಸು ಮಾತಾಡುತ್ತ ಹೊರಗಿನ ಪಡಸಾಲೆಗೆ ಬಂದರು. ಅಲ್ಲಿ ಮೇಜಿನ ಮೇಲೆ ಬಂದುಹೋದವರು ಸಹಿ ಹಾಕುವ ಪುಸ್ತಕವಿತ್ತು. ಹೆಚ್ಚಿನವರು ಹೆಸರು ಗೀಚಿ ಹೊರಟರು.

ಹಿರಿಯ ಸದಸ್ಯರು ನಿಧಾನವಾಗಿ ಕೂತು, ಪೆನ್ನಿನ ಮುಚ್ಚಳ ತೆಗೆದು, ದುಂಡಗಿನ ಅಕ್ಷರದಲ್ಲಿ ಪೂರ್ತಿ ಹೆಸರು ಬರೆದರು.

"ಎಷ್ಟು ಗಂಟೆ ಈಗ?"

"ಮೂರೂ ಐವತ್ತೆರಡು ಸರ್," ಎಂದ ಚಿಕ್ಕಪ್ಪ. "ಇನ್ನು ಮತಕ್ಕೆ ತಲುಪೋಕಾಗಲ್ಲ."

ಅವರು ಹೆಸರಿನ ಕೆಳಗೆ ದಿನಾಂಕ ಬರೆದರು, ಮೂರು ಐವತ್ತೆರಡು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದರು. ಆಮೇಲೆ ಪೆನ್ನನ್ನು ಮಗಳ ಕಡೆ ಚಾಚಿದರು. "ಮನೆಯವರದ್ದೂ ಪಕ್ಕದಲ್ಲಿ ಒಂದು ಸಹಿ ಇರ್ಲಿ."

ಮಗಳು ಕೈ ಮುಂದೆ ಮಾಡಲಿಲ್ಲ. ಅವರ ಮುಖವನ್ನೇ ನೋಡುತ್ತ ನಿಂತಳು.

"ಅವಳಿಗೆ ಮನಸ್ಸು ಸರಿಯಿಲ್ಲ ಸರ್, ಏನೂ ತಿಳ್ಕೋಬೇಡಿ," ಎನ್ನುತ್ತ ಚಿಕ್ಕಪ್ಪ ಮುಂದೆ ಬಂದ. ಪೆನ್ನು ತೆಗೆದುಕೊಂಡು, ಶಾಲೆಯಲ್ಲಿ ಕಲಿತಿದ್ದ ಅಷ್ಟೂ ಚಂದದ ಅಕ್ಷರವನ್ನು ಒಟ್ಟುಮಾಡಿ ಸಹಿ ಹಾಕಿದ. ಅದರ ಕೆಳಗೆ, ಯಾರೂ ಕೇಳದಿದ್ದರೂ, "ಮೃತರ ತಮ್ಮ" ಎಂದು ಬರೆದ.

ಹಿರಿಯ ಸದಸ್ಯರು ಕನ್ನಡಕವನ್ನು ಹಣೆಗೇರಿಸಿ, ಫೋನು ತೆಗೆದು, ಪುಟದ ಫೋಟೊ ಹಿಡಿದರು. ಮೊದಲನೆಯದು ಅಲುಗಾಡಿತ್ತು. ಕೋಲನ್ನು ಮೇಜಿಗೆ ಒರಗಿಸಿ, ಎರಡೂ ಕೈಯಿಂದ ಫೋನನ್ನು ಗಟ್ಟಿಯಾಗಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು ಇನ್ನೊಂದು ತೆಗೆದರು.