ಎರಡನೆಯ ಬಾವುಟ

“ಹೈದರಸಾಬನ್ನ ಕೇಳ್ರಿ ಮೇಡಂ. ಹೊಲಿಯೋದೇನು, ಅವನ ಮನ್ಯಾಗ ಒಂದು ರೆಡಿ ಇದ್ರೂ ಇರಬೌದು” ಎಂದು ಹೆಡ್‌ಮಾಸ್ಟರ್ ಸತ್ಯಾತ್ಮ ತಮ್ಮ ಮಾತಿಗೆ ತಾವೇ ನಕ್ಕರು. ಸ್ಟಾಫ್ ರೂಮಿನಲ್ಲಿದ್ದ ಉಳಿದವರೂ ನಕ್ಕರು. ವರದಾ ಟೀಚರಿಗೆ ಬಾಯಲ್ಲಿದ್ದ ಚಹಾ ಉಗುಳಿಬಿಡುವಷ್ಟು ಹೇಸಿಗೆಯಾಯಿತು. ಆದರೂ ಗುಟುಕು ನುಂಗಿ ಲೋಟ ಕೆಳಗಿಟ್ಟಳು.

ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ನಾಟಕ, ‘ನೆರೆಹೊರೆ’. ಭಾರತ, ಪಾಕಿಸ್ತಾನ ಅಕ್ಕಪಕ್ಕದ ಮನೆಯವರ ಹಾಗೆ ಕಚ್ಚಾಡಿ, ಕೊನೆಗೆ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತವೆ. ಬರೆದವಳು ವರದಾಳೇ. ಭಾರತದ ಬಾವುಟ ಶಾಲೆಯಲ್ಲಿತ್ತು, ಇನ್ನೊಂದನ್ನು ಹೊಲಿಸಬೇಕಿತ್ತು.

ಹಸಿರು ಬಟ್ಟೆ, ಬಿಳಿ ಬಟ್ಟೆ ಕೊಂಡು ಕೌಲ್ ಬಜಾರಿಗೆ ಹೋದಳು. ಟೈಲರ್ ಹೈದರಸಾಬ ವಿಷಯ ಕೇಳಿ ಮೊದಲು ರಸ್ತೆಯ ಕಡೆ ನೋಡಿದ. ಆಮೇಲೆ ಬಟ್ಟೆಯನ್ನು ತಾನೇ ಮಡಚಿ ಅವಳ ಚೀಲಕ್ಕೆ ತುರುಕಿದ.

“ನಾಟಕ ಚಲೋ ಐತ್ರಿ ಟೀಚರಮ್ಮ. ಆದ್ರ ಇದು ನನ್ನ ಮಿಷನ್ ಮ್ಯಾಲ ಇದ್ದಾಗ ಯಾವನಾರ ಒಂದು ಫೋಟೋ ಹೊಡದ್ರ ಸಾಕು, ಸಂಜಿ ಒಳಗ ಅಂಗಡಿ ಇರಂಗಿಲ್ಲ.”

“ಸಾಲಿ ಕೆಲಸ ಅಂತ ಚೀಟಿ ಬರ್ಕೊಡ್ತೀನ್ರಿ.”

“ಚೀಟಿ ಓದಾಕ ಯಾರು ನಿಲ್ತಾರ್ರಿ?” ಎಂದ ಅವನು, ತುಸು ತಡೆದು ಕೇಳಿದ, “ನೀವು ಬರೋ ದಾರ್ಯಾಗ ಬ್ಯಾರೆ ಟೈಲರ್ ಅಂಗಡಿ ಅದಾವಲ್ರಿ. ನನ್ನ ಹತ್ರನ ಯಾಕ ತಂದ್ರಿ?”

ವರದಾ ಚೀಲವನ್ನು ಹೆಗಲಿಗೇರಿಸಿಕೊಂಡಳು. ಆ ಅಂಗಡಿಗಳನ್ನೆಲ್ಲ ದಾಟಿ ನೆಟ್ಟಗೆ ಇಲ್ಲಿಗೇ ಬಂದಿದ್ದಳು. ಹೆಡ್‌ಮಾಸ್ಟರರ ಮೇಲಿದ್ದ ಅಸಹ್ಯವೆಲ್ಲ ಈಗ ತನ್ನ ಮೇಲೇ ಬಂತು.

ಎದುರಿನ ಕೆಂಚಣ್ಣ ಟೈಲರ್ ಎರಡನೇ ಮಾತಾಡಲಿಲ್ಲ. “ಅದಕ್ಕೇನ್ರಿ, ಕೊಡ್ರಿ ಇಲ್ಲಿ. ನನಗ್ಯಾರು ಏನಂತಾರ?”

ಅಂಗಡಿಯ ಬಾಗಿಲಲ್ಲೇ ಮಿಷನ್ ಮೇಲೆ ಹಸಿರು ಬಟ್ಟೆ ಹರವಿಕೊಂಡ. ಹೋಗಿಬರುವವರು ನಿಂತರು. ಒಬ್ಬ ಮೊಬೈಲು ಎತ್ತಿದಾಗ ಕೆಂಚಣ್ಣ ಬಟ್ಟೆಯನ್ನು ಎದೆಗೆ ಹಿಡಿದು ಪೋಸು ಕೊಟ್ಟ. ಎಲ್ಲರೂ ನಕ್ಕರು, ಯಾರೋ ಚಹಾ ತರಿಸಿದರು. ಏನೂ ಆಗಲಿಲ್ಲ.

ಬಿಳಿ ಚಂದ್ರನನ್ನು ಕತ್ತರಿಸಿಕೊಂಡು ಕೆಂಚಣ್ಣ ರಸ್ತೆಯಾಚೆ ಕೂಗಿದ, “ಏ ಹೈದರಣ್ಣಾ! ಈ ಚಂದಪ್ಪನ ಮಾರಿ ಯಾ ಕಡಿಗಿ ಮಾಡ್ಬೇಕಪ್ಪಾ? ನಿನಗ ಗೊತ್ತಿರ್ತತಿ ಹೇಳು!”

“ಸುಮ್ನಿರ್ರಿ ಕೆಂಚಣ್ಣ” ಎಂದ ವರದಾಳ ಮಾತು ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಗುಂಪು ಅತ್ತ ತಿರುಗಿತು. ಮೊಬೈಲೂ ತಿರುಗಿತು. ಹೈದರಸಾಬ ತಲೆ ಎತ್ತಲಿಲ್ಲ. ಬಗ್ಗಿಕೊಂಡು ಮಿಷನ್ನನ್ನು ಜೋರಾಗಿ ತುಳಿಯುತ್ತಿದ್ದ. ಸೂಜಿ ಒಂದೇ ಸಮನೆ ಏರಿಳಿಯುತ್ತಿತ್ತು. ಅದರ ಕೆಳಗೆ ಬಟ್ಟೆ ಇರಲಿಲ್ಲ.