ಕನ್ನಡಿಯವರೆಗೆ ಒಂಬತ್ತು ಹೆಜ್ಜೆ

"ಗಿರಾಕಿ ಸತ್ತರೆ ಯಾವ ಅಂಗಡಿಯವನು ಬಾಗಿಲು ಹಾಕ್ತಾನೆ? ಹೇಳು ನೋಡೋಣ!"

"ಗಿರಾಕಿ ಅಂತ ನನ್ನ ಮುಂದೆ ಹೇಳ್ಬೇಡಿ ಯಜಮಾನ್ರೇ. ಇಪ್ಪತ್ತೇಳು ವರ್ಷ ದಿನಾ ಒಂಬತ್ತೂವರೆಗೆ ಬಂದು ಕೂತ ಮನುಷ್ಯ. ಯಾವ ಗಿರಾಕಿ ಹಾಗೆ ಬರ್ತಾನೆ?"

"ಮೆಲ್ಲಗೆ! ಶಟರ್ ಅರ್ಧ ತೆರೆದಿದೆ."

"ಪೂರ್ತಿ ತೆರೀರಿ. ಊರೆಲ್ಲ ಕೇಳ್ಲಿ."

ಹಾಗೆಂದಳೇ ಹೊರತು ದೊಡ್ಡಕ್ಕನ ದನಿ ತಾನಾಗಿಯೇ ಇಳಿಯಿತು. ಶೂ ಅಂಗಡಿಯಲ್ಲಿ ಇಪ್ಪತ್ತನಾಲ್ಕು ವರ್ಷ ಗಿರಾಕಿಗಳ ಕಾಲ ಬುಡದಲ್ಲಿ ಮಂಡಿಯೂರಿದವಳಿಗೆ ಕೂಗಾಡಿ ಅಭ್ಯಾಸವಿಲ್ಲ.

ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದಂತೆ ಸತ್ತವನ ಮಗಳು ಬಂದಿದ್ದಳು. ಬೆಂಚಿನ ಮೇಲೆ ಇಬ್ಬರು ಗಿರಾಕಿಗಳಿದ್ದರು. ಅಪ್ಪ ರಾತ್ರಿ ಎದೆನೋವು ಬಂದು ತೀರಿಕೊಂಡರು ಎಂದಳು. ಆಮೇಲೆ, "ಸಾರ್, ನಮ್ಮಪ್ಪ ಇಲ್ಲಿ ಕೆಲಸ ಮಾಡ್ತಿದ್ರಾ?" ಎಂದು ಕೇಳಿದಳು. ಯಜಮಾನರು ಬೆಂಚಿನತ್ತ ಒಮ್ಮೆ ನೋಡಿ, "ನಮ್ಮ ಹಳೇ ಗಿರಾಕಿ ಅಮ್ಮಾ. ಚಿನ್ನದಂಥ ಮನುಷ್ಯ" ಎಂದರು. ಹುಡುಗಿ ಅಳಲಿಲ್ಲ. ಗೊತ್ತಿದ್ದ ಉತ್ತರವೇ ಬಂತು ಎನ್ನುವ ಹಾಗೆ ತಲೆಯಾಡಿಸಿ ಹೊರಟುಹೋದಳು. ಬೆಂಚು ಖಾಲಿಯಾದ ಮೇಲೆ ಯಜಮಾನರೇ ಶಟರನ್ನು ಅರ್ಧ ಇಳಿಸಿದ್ದರು.

"ಅವಳು ತಲೆ ಆಡಿಸಿದ್ದು ನೋಡಿದ್ರಾ?" ದೊಡ್ಡಕ್ಕ ಹೇಳಿದಳು. "ಅಪ್ಪ ಸುಳ್ಳ ಅಂತ ಮನಸ್ಸಲ್ಲೇ ಮುದ್ರೆ ಒತ್ಕೊಂಡು ಹೋದ್ಲು. ಮಣ್ಣು ಮಾಡೋದಕ್ಕೆ ಮುಂಚೆ ಅವಳ ಎದುರು ಒಂದು ಮಾತು ಹೇಳಿ. ನಿಮ್ಮಪ್ಪ ನಮ್ಮಲ್ಲಿ ಕೆಲಸಕ್ಕಿದ್ರು ಅಂತ. ಅಷ್ಟೇ ನಾನು ಕೇಳ್ತಿರೋದು."

"ಹೇಳಿ, ಆಮೇಲೆ? ಪಕ್ಕದ ರಸ್ತೇಲಿ ಮೂರು ಮಹಡಿ ಅಂಗಡಿ ಎದ್ದಿದೆ. ನಾವು ನಿಂತಿರೋದು ಬಾಯಿಮಾತಿನ ಮೇಲೆ. ಆ ಬಾಯಿಗೆ ನಾನು ಸಂಬಳ ಕೊಡ್ತಿದ್ದೆ ಅಂತ ಗೊತ್ತಾದ್ರೆ ಆರು ಜನರ ಅನ್ನಕ್ಕೆ ಕಲ್ಲು ಬೀಳುತ್ತೆ. ನಿನ್ನ ಅನ್ನಕ್ಕೂ."

ಅದು ನಿಜ. ದೊಡ್ಡಕ್ಕ ಬಾಗಿಲತ್ತ ತಿರುಗಿದಳು.

"ಅವರ ಮನೆಗೆ ಹೋಗೋದಾದ್ರೆ ಹೋಗಿ ಬಾ. ಆದ್ರೆ ಕೋಟು ಬಿಚ್ಚಿಟ್ಟು ಹೋಗು. ಪಕ್ಕದ ಬೀದಿಯವಳು ಹೋದ ಹಾಗೆ ಹೋಗು."

ನೀಲಿ ಕೋಟು. ಎದೆಯ ಮೇಲೆ ಬಿಳಿ ದಾರದಲ್ಲಿ ಅಂಗಡಿಯ ಹೆಸರು. ಬಿಚ್ಚಿದಳು. ಐವತ್ತೆರಡು ವಯಸ್ಸು, ಸವೆದ ಮಂಡಿ, ಯಾರು ಹೊಸ ಕೆಲಸ ಕೊಡುತ್ತಾರೆ? ಗಂಡ ಬಿಟ್ಟುಹೋದಾಗ ಗೋಡೌನಿನ ಹಿಂದೆ ಒಂದು ಕೋಣೆ ಕೊಟ್ಟವರು ಇದೇ ಯಜಮಾನರು. ಅದರ ಬೀಗದಕೈ ಕೋಟಿನ ಜೇಬಿನಲ್ಲೇ ಇತ್ತು. ಹಾಗೇ ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

*

ಸತ್ತವನನ್ನು ಅಂಗಡಿಯವರು ಕರೆಯುತ್ತಿದ್ದದ್ದು ಗಿರಾಕಿ ಮಾಮ ಎಂದು. ಅದೂ ಬೇರೆ ಯಾರೂ ಇಲ್ಲದಾಗ.

ಅವನಿದ್ದ ಕಾರ್ಖಾನೆ ಮುಚ್ಚಿ, ಕೆಲಸ ಹುಡುಕಿ ಹುಡುಕಿ ಸುಸ್ತಾಗಿ, ಒಂದು ಮಧ್ಯಾಹ್ನ ಬಿಸಿಲಿಗೆ ಹೆದರಿ ಅಂಗಡಿಯೊಳಗೆ ಬಂದಿದ್ದ. ಸುಮ್ಮನೆ ಕೂತರೆ ಎಬ್ಬಿಸುತ್ತಾರೆಂದು ಒಂದು ಕಂದು ಶೂ ಕೇಳಿ ಹಾಕಿಕೊಂಡ. ಬೆಂಚಿನಿಂದ ಕನ್ನಡಿಯವರೆಗೆ ನಡೆದ, ತಿರುಗಿ ಬಂದ. "ಆಹಾ, ಕಾಲನ್ನ ಯಾರೋ ಅಕ್ಕರೆಯಿಂದ ಹಿಡ್ಕೊಂಡ ಹಾಗಿದೆ" ಎಂದ, ಯಾರಿಗೂ ಅಲ್ಲ, ತನಗೇ. ಬೆಂಚಿನಲ್ಲಿದ್ದ ಇಬ್ಬರೂ ಅದೇ ಶೂ ಕೊಂಡರು. ಅವನು ಕೊಳ್ಳದೆ ಎದ್ದು ಹೋದ. ಯಜಮಾನರು ಬೀದಿಯವರೆಗೆ ಓಡಿ ಹಿಡಿದರು. "ನಾಳೆಯೂ ಬನ್ನಿ."

ಯಜಮಾನರಿಗೆ ಬೆಳಗಿನ ಪಾಠ ಹೇಳುವ ಚಟ. ಶಟರ್ ಎತ್ತುವ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಖಾಲಿ ಅಂಗಡಿಗೆ ನೊಣಾನೂ ಬರಲ್ಲ. ಶೂ ಚೆನ್ನಾಗಿದೆ ಅಂತ ನಾವು ಹೇಳಿದ್ರೆ ವ್ಯಾಪಾರ, ಗಿರಾಕಿ ಹೇಳಿದ್ರೆ ಸತ್ಯ" ಎನ್ನುತ್ತಿದ್ದರು. ಆ ಪಾಠದ ಹೊತ್ತಿನಲ್ಲಿ ಮಾಮ ಎದುರಿನ ಮರದ ಕೆಳಗೆ ಕಾಯುತ್ತಿದ್ದ. ಅವನು ಬರಬೇಕಾದದ್ದು ಗಿರಾಕಿಯ ಹಾಗೆ, ಮುಂಬಾಗಿಲಿನಿಂದ. ಕೆಲಸದವರ ಜೊತೆ ಊಟಕ್ಕೆ ಕೂರುವಂತಿಲ್ಲ. ಬೀದಿಯಲ್ಲಿ ಎದುರಾದರೆ ಮಾತಾಡಿಸುವಂತಿಲ್ಲ. ಮನೆಯವರಿಗೂ ಕೆಲಸದ ಬಗೆ ಹೇಳುವಂತಿಲ್ಲ, ಅವರು ಅಂಗಡಿಗೆ ಬರುವಂತಿಲ್ಲ. ಗುರುತು ಹತ್ತದಿರಲೆಂದು ಮಧ್ಯಾಹ್ನ ಅಂಗಿ ಬದಲಾಯಿಸಬೇಕು, ಕನ್ನಡಕ ಹಾಕಬೇಕು.

ಬೆಂಚಿನಿಂದ ಕನ್ನಡಿಗೆ ಒಂಬತ್ತು ಹೆಜ್ಜೆ. ಶೂ ಅಂಗಡಿಯ ಕನ್ನಡಿ, ನೆಲಕ್ಕೆ ಒರಗಿಸಿಟ್ಟದ್ದು, ಮಂಡಿಯಿಂದ ಕೆಳಗಷ್ಟೇ ಕಾಣುತ್ತದೆ. ದಿನಕ್ಕೆ ಇಪ್ಪತ್ತು ಜೊತೆ ಹೊಸ ಶೂ ತೊಟ್ಟು ನಡೆದ ಮನುಷ್ಯ, ಒಂದರ ಅಡಿಗೂ ಬೀದಿಯ ಧೂಳು ತಗುಲಿಸಿದವನಲ್ಲ. ಅವನದು ಒಂದೇ ಹಟ, ಕೆಟ್ಟ ಮಾಲನ್ನು ಹೊಗಳುತ್ತಿರಲಿಲ್ಲ. ಹೊಲಿಗೆ ಸಡಿಲವಿದ್ದರೆ ಕೆಮ್ಮುತ್ತ ಕೂರುತ್ತಿದ್ದ. ಯಜಮಾನರು ಹಲ್ಲು ಕಡಿಯುತ್ತಿದ್ದರು.

ಒಮ್ಮೆ ಮಾಲು ಎಣಿಸಲು ಅಂಗಡಿ ಮುಚ್ಚಿದ್ದ ದಿನ, "ದೊಡ್ಡಕ್ಕಾ, ನಿನ್ನ ಕೋಟು ಒಂದು ನಿಮಿಷ ಕೊಡ್ತೀಯಾ?" ಎಂದ. ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತ. ಕೋಟಿನ ಅಂಚು ಮಾತ್ರ ಕಂಡಿತು. "ಥೂ, ಹೆಸರೇ ಕಾಣಲ್ವಲ್ಲ!" ಎಂದು ನಕ್ಕು, ಹೆಸರು ಕಾಣುವವರೆಗೂ ಕುಕ್ಕರುಗಾಲಲ್ಲಿ ಕೂತ. ಬಹಳ ಹೊತ್ತು ಹಾಗೇ ಕೂತಿದ್ದ.

"ತೆಗೀರಿ ತೆಗೀರಿ, ಯಾರಾದ್ರೂ ನೋಡಿದ್ರೆ!" ಒಳಗಿನಿಂದ ಯಜಮಾನರು ಬಂದರು.

*

ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಮಗಳ ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಮಾಮನನ್ನು ಮಲಗಿಸಿದ್ದರು. ದೊಡ್ಡಕ್ಕನ ಕಣ್ಣು ಮೊದಲು ಹೋದದ್ದು ಪಾದಕ್ಕೆ. ಎಂಟನೇ ನಂಬರು. ಹಿಮ್ಮಡಿ ಬಿರಿದು ಹೋಗಿತ್ತು. ಬಾಗಿಲ ಬಳಿ ಒಂದು ಜೊತೆ ರಬ್ಬರ್ ಚಪ್ಪಲಿ, ಪಟ್ಟಿಗೆ ಪಿನ್ನು ಚುಚ್ಚಿದ್ದು.

ಹೆಂಡತಿ ತಲೆದೆಸೆಯಲ್ಲಿ ಕೂತು ಪಕ್ಕದವರಿಗೆ ಹೇಳುತ್ತಿದ್ದಳು. "ದಿನಾ ಎರಡು ಅಂಗಿ ಇಸ್ತ್ರಿ ಕಣ್ರಮ್ಮಾ. ಒಂದು ಮೈಮೇಲೆ, ಒಂದು ಚೀಲದಲ್ಲಿ. ಇನ್ನೊಂದು ಸಂಸಾರ ಇದೆ ಅಂತ್ಲೇ ಅಂದ್ಕೊಂಡು ಒಂದಿನ ಹಿಂದೆನೇ ಹೋದೆ. ನೋಡಿದ್ರೆ ಆ ಅಂಗಡೀಲಿ ಕೂತು ಶೂ ಹಾಕೋದು, ಬಿಚ್ಚೋದು, ಹಾಕೋದು, ಬಿಚ್ಚೋದು! ಸವತಿ ಇದ್ದಿದ್ರೆ ಜುಟ್ಟಾದ್ರೂ ಹಿಡೀಬಹುದಿತ್ತು. ಇದಕ್ಕೆ ಏನಂತ ಹಿಡೀಲಿ?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವಳೂ ನಕ್ಕಳು, ನಗುತ್ತಲೇ ಅತ್ತಳು.

"ಸಂಬಳ ಅಂತ ತಿಂಗಳು ತಿಂಗಳು ಕೈಗೆ ಕೊಡ್ತಿದ್ರು," ಎಂದಳು.

"ಎಲ್ಲಿಂದ ತರ್ತಿದ್ನೋ," ಬಾಗಿಲಲ್ಲಿ ನಿಂತಿದ್ದ, ಶೂ ಅಂಗಡಿ ಬೀದಿಯ ಗಡಿಯಾರದಂಗಡಿಯವನು ಪಿಸುಗುಟ್ಟಿದ. "ಅಲ್ಲಿ ಕೆಲಸಕ್ಕಂತೂ ಇರ್ಲಿಲ್ಲ. ಯಾರ್ ಯಾರ ಹತ್ರ ಕೈ ಚಾಚ್ತಿದ್ನೋ. ಸತ್ತವರ ಸುದ್ದಿ, ನಮಗ್ಯಾಕೆ ಬಿಡಿ."

ಪಿಸುಮಾತು ಮಗಳಿಗೆ ಕೇಳಿಸಿತು. ಅವಳು ದೊಡ್ಡಕ್ಕನನ್ನು ನೋಡಿದಳು. ಬೆಳಿಗ್ಗೆ ನೀಲಿ ಕೋಟಿನಲ್ಲಿ ಕಂಡ ಮುಖ ಅವಳಿಗೆ ನೆನಪಿತ್ತು. ದೊಡ್ಡಕ್ಕ ಚೀಲವನ್ನು ಮಡಿಲಿಗೆ ಒತ್ತಿಕೊಂಡು ನೆಲ ನೋಡಿದಳು. ಆರು ಜನರ ಅನ್ನ. ತನ್ನ ಕೋಣೆ.

*

ಮಾಮನ ಮಗಳಿಗೆ ಆಗ ಒಂಬತ್ತು ವರ್ಷವಿರಬೇಕು. ಶಾಲೆ ತೆರೆಯುವ ವಾರ. ಗೆಳತಿ ಮತ್ತು ಗೆಳತಿಯ ಅಮ್ಮನ ಜೊತೆ ಅಂಗಡಿಗೆ ಬಂದಿದ್ದಳು. ಬಂದವಳು ತನ್ನ ಮಗಳೆಂದು ಮಾಮ ಗಮನಿಸಿರಲಿಲ್ಲ, ಅವನು ಆಗಲೇ ಮಾತು ಶುರುಮಾಡಿದ್ದ.

"ಇದನ್ನೇ ತಗೊಳ್ಳಿ ತಾಯಿ. ನನ್ನ ಮಗಳಿಗೂ ಇದೇ ತಂದಿದ್ದೆ. ಎರಡು ವರ್ಷ ಆಯ್ತು, ಒಂದು ಹೊಲಿಗೆ ಬಿಟ್ಟಿಲ್ಲ."

ಹೇಳಿ ತಿರುಗಿದರೆ ಎದುರಿಗೆ ಮಗಳು. ಕಾಲಲ್ಲಿ ರಬ್ಬರ್ ಚಪ್ಪಲಿ.

ಗೆಳತಿಯ ಕಾಲಿಗೆ ಶೂ ತೊಡಿಸುತ್ತ ಮಂಡಿಯೂರಿದ್ದ ದೊಡ್ಡಕ್ಕ ಕೆಳಗಿನಿಂದ ಎಲ್ಲವನ್ನೂ ನೋಡಿದಳು. ಗಲ್ಲಾದಿಂದ ಯಜಮಾನರು ಕೆಮ್ಮಿದರು. ಮಾಮ ಅಪರಿಚಿತನ ಹಾಗೆ ಕನ್ನಡಿಯತ್ತ ನಡೆದ. ಒಂಬತ್ತು ಹೆಜ್ಜೆ. ಕನ್ನಡಿಯಲ್ಲಿ ಅವನ ಹೊಳೆಯುವ ಶೂ, ಹಿಂದೆ ಆ ಮಗುವಿನ ಪಾದ. ಮುಖ ಕಾಣದ ಕನ್ನಡಿ, ಅದೊಂದು ಪುಣ್ಯ. ಆ ಪುಟ್ಟ ಪಾದಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದವು. ಆಮೇಲೆ ಕನ್ನಡಿಯಿಂದ ಹೊರಟುಹೋದವು.

ಅಂದು ಆ ಶೂ ಆರು ಜೊತೆ ಹೋಯಿತು.

*

ಹತ್ತೂವರೆಗೆ ಯಜಮಾನರು ಬಂದರು, ಜೊತೆಗೆ ಬೀದಿಯ ನಾಲ್ಕಾರು ಅಂಗಡಿಯವರು. ಭಾನುವಾರ ಭಾನುವಾರ ಅವರನ್ನೆಲ್ಲ ಕೂರಿಸಿಕೊಂಡು ವ್ಯಾಪಾರದ ಪಾಠ ಹೇಳುವವರೂ ಯಜಮಾನರೇ. ಹೆಣದ ಪಕ್ಕ ಕೂತು ಅತ್ತರು. ಅಳು ನಾಟಕವಾಗಿರಲಿಲ್ಲ. ಕಣ್ಣೊರೆಸಿಕೊಂಡು ಎದ್ದು ನಿಂತರು. ಎದ್ದು ನಿಂತರೆ ಪಾಠ ಹೇಳದೆ ಕೂರುವವರಲ್ಲ.

"ಇವರು ನಮ್ಮ ಗಿರಾಕಿ. ಇಪ್ಪತ್ತೇಳು ವರ್ಷ! ಹೀಗೆ ಗಿರಾಕೀನ ಉಳಿಸ್ಕೊಳ್ಳೋದು ಹೇಗೆ? ಗೌರವದಿಂದ. ಒಬ್ಬ ಇಂಥ ಗಿರಾಕಿ ಇದ್ರೆ ನೂರು ಜಾಹೀರಾತು ಯಾಕೆ ಬೇಕು?"

ಗಡಿಯಾರದಂಗಡಿಯವನು ತಲೆದೂಗಿದ.

"ಇಪ್ಪತ್ತೇಳು ವರ್ಷದಲ್ಲಿ ಏನೇನ್ ತಗೊಂಡ್ರು ಸಾರ್?" ಮಗಳು ಕೇಳಿದಳು.

"ಎಷ್ಟೋ ಜೊತೆ ಅಮ್ಮಾ. ಲೆಕ್ಕ ಇಟ್ಟವರು ಯಾರು?"

ಅವಳು ಎದ್ದು ಬಾಗಿಲ ಬಳಿಯ ರಬ್ಬರ್ ಚಪ್ಪಲಿ ತಂದು ಅವರ ಮುಂದೆ ಹಿಡಿದಳು. "ಈ ಮನೇಲಿ ಅಪ್ಪನ ಕಾಲಿನದು ಅಂತ ಇರೋದು ಇದೊಂದೇ. ಇದು ನಿಮ್ಮಂಗಡೀದಾ?"

ಯಜಮಾನರು ದೊಡ್ಡಕ್ಕನತ್ತ ನೋಡಿದರು. ಆ ನೋಟ ಅವಳಿಗೆ ಗೊತ್ತು. ಗಿರಾಕಿ ಎದ್ದು ಹೋಗುತ್ತಿದ್ದಾನೆ, ಏನಾದರೂ ಹೇಳಿ ತಡೆ ಎನ್ನುವ ನೋಟ.

ದೊಡ್ಡಕ್ಕ ಎದ್ದಳು. ಚೀಲ ತೆರೆದು ನೀಲಿ ಕೋಟನ್ನು ಕೊಡವಿದಳು. ಸಾವಿರಾರು ಜನರ ಮುಂದೆ ಊರಿದ ಮಂಡಿಯನ್ನು ಮಾಮನ ಪಕ್ಕ ಊರಿ, ಹೆಸರು ಮೇಲೆ ಬರುವ ಹಾಗೆ ಅವನ ಎದೆಗೆ ಕೋಟು ಹೊದಿಸಿದಳು.

"ನಿಮ್ಮಪ್ಪ ನಮ್ಮಂಗಡಿ ಕೆಲಸದವರು ಕಣಮ್ಮಾ. ಗಿರಾಕಿಯಾಗಿ ಕೂರೋದೇ ಕೆಲಸ. ಬಾಯಿ ಬಿಡಬಾರದು ಅನ್ನೋದೂ ಕೆಲಸಾನೇ. ನನಗಿಂತ ಮೂರು ವರ್ಷ ಹಿರಿಯರು. ಯಾರ ಮುಂದೇನೂ ಕೈ ಚಾಚ್ಲಿಲ್ಲ."

ಹೆಂಡತಿ ಕೋಟಿನ ಮೇಲಿನ ಹೆಸರನ್ನು ಬೆರಳಿಂದ ಮುಟ್ಟಿ ನೋಡಿದಳು. ಮಗಳು ಚಪ್ಪಲಿ ಕೆಳಗಿಟ್ಟು ಬಗ್ಗಿದಳು. ಹೊಲಿಗೆಯವಳ ಕೈ, ಸುಮ್ಮನಿರಲಾರದು. ಕಾಲರು ನೆಟ್ಟಗೆ ಮಾಡಿದಳು. "ಭುಜ ಸ್ವಲ್ಪ ಚಿಕ್ಕದಾಯ್ತು," ಎಂದಳು. ಅಲ್ಲಿಗೆ ಅವಳ ದನಿ ಒಡೆಯಿತು.

*

ಕೋಟಿನ ಸಮೇತವೇ ಹೊತ್ತರು. ದಾರಿ ಅಂಗಡಿಯ ಮುಂದೆಯೇ ಹೋಗುತ್ತಿತ್ತು. ಯಜಮಾನರು ದೊಡ್ಡಕ್ಕನ ಪಕ್ಕದಲ್ಲಿ ನಡೆಯುತ್ತಿದ್ದರು. ಬೈಯುತ್ತಾರೆಂದು ಕಾದಳು. ಬೈಯಲಿಲ್ಲ.

"ಕೋಪದಲ್ಲಿ ಕೆಲಸದವರನ್ನ ಬಿಡಬಾರದು. ನಾನೇ ಹೇಳೋ ಪಾಠ," ಎಂದರು. "ಊರಿಗೆ ಮೂರು ತಿಂಗಳು ನೆನಪಿರುತ್ತೆ, ಆಮೇಲೆ ಮರೆಯುತ್ತೆ. ನಿನಗೆ ಹೊಸ ಕೋಟು ಕೊಡ್ತೀನಿ."

ಅವಳು ಮುಂದೆ ಹೋಗುತ್ತಿದ್ದ ನೀಲಿ ಕೋಟನ್ನೇ ನೋಡುತ್ತ ನಡೆದಳು.

"ಆ ಹುಡುಗಿ ಮುಖ ಗಮನಿಸಿದ್ಯಾ? ಅಪ್ಪನದೇ ಮುಖ. ನೋಡಿದ ತಕ್ಷಣ ನಂಬಿಕೆ ಬರುತ್ತೆ. ಹೆಂಗಸರ ಕಡೆ ಬೆಂಚಿಗೆ... ಈಗಲೇ ಅಲ್ಲ. ಸ್ವಲ್ಪ ದಿನ ಬಿಟ್ಟು ನೀನೇ ಮಾತಾಡು. ನಿನ್ನ ಮಾತು ಕೇಳ್ತಾಳೆ."

ದೊಡ್ಡಕ್ಕ ಅವರ ಮುಖ ನೋಡಿದಳು. ಕಣ್ಣು ಇನ್ನೂ ಕೆಂಪಗಿತ್ತು, ಅತ್ತ ಕಣ್ಣು.

ಅಂಗಡಿ ಬಂತು. ಯಜಮಾನರು ಹೊಸ್ತಿಲಿಗೆ ಹತ್ತಿ ನಿಂತರು. "ಬಾ. ನಾವು ಇಲ್ಲಿಗೇ ನಿಲ್ಲೋಣ. ಬೆಳಿಗ್ಗೆ ಆ ಇಬ್ಬರು ಬಿಟ್ರೆ ಒಂದು ನರಪಿಳ್ಳೆ ಒಳಗೆ ಬಂದಿಲ್ಲ."

ಅವಳು ನಿಲ್ಲಲಿಲ್ಲ.

"ದೊಡ್ಡಕ್ಕಾ! ಕೋಟು ಕೊಟ್ಟುಬಿಟ್ಯಲ್ಲ, ಕೋಣೆ ಬೀಗದಕೈ ಎಲ್ಲಿ?"

"ಕೋಟಿನ ಜೇಬಲ್ಲಿ."

ಇಬ್ಬರೂ ಮುಂದೆ ನೋಡಿದರು. ನಾಲ್ಕು ಹೆಗಲ ಮೇಲೆ ನೀಲಿ ಕೋಟು ತಿರುವು ಮುಟ್ಟುತ್ತಿತ್ತು.

"ಓಡು, ಓಡಿ ಇಸ್ಕೋ! ಮಣ್ಣಿಗೆ ಹೋದ್ರೆ ಹೋಯ್ತು!"

ಅವಳು ಓಡಲಿಲ್ಲ. ಉಳಿದವರ ಹೆಜ್ಜೆಯಲ್ಲೇ ನಡೆದಳು.

ಅರ್ಧ ಇಳಿದ ಶಟರಿನ ಕೆಳಗಿಂದ ಒಳಗಿನ ಕನ್ನಡಿ ಬೀದಿಗೆ ಕಾಣುತ್ತಿತ್ತು. ಅದರಲ್ಲಿ ಕಾಲುಗಳು ಸಾಗುತ್ತಿದ್ದವು, ಬರಿಗಾಲು, ಚಪ್ಪಲಿ ಕಾಲು, ಅವಸರದ ಕಾಲು. ಕೊನೆಗೆ ಒಂದು ಜೊತೆ ಹೆಂಗಸಿನ ಕಾಲು, ಕುಂಟುತ್ತ, ತಡೆಯದೆ ದಾಟಿತು. ಆಮೇಲೆ ಕನ್ನಡಿಯಲ್ಲಿ ಉಳಿದದ್ದು ಬರೀ ನೆಲ, ಮತ್ತು ಹೊಸ್ತಿಲಲ್ಲಿ ನಿಂತ ಒಂದು ಜೊತೆ ಹೊಳೆಯುವ ಶೂ.