ಮನೆಗಾಡಿಗೆ ನೀರಿನ ಟ್ಯಾಂಕ್ ಬೇಕೇ?

ಮನೆ ಕಟ್ಟುವಾಗ ಗಂಡ ಹೆಂಡತಿ ಜಗಳವಾಡುವುದು ಹೊಸದಲ್ಲ. ಮನೆಗೆ ಚಕ್ರವಿದ್ದರೂ ಅಷ್ಟೇ.

ಬಡಗಿಯೊಬ್ಬ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿಯೊಂದನ್ನು ತನ್ನ ಕೈಯಾರೆ ಮಾಡಿದ. ಅವನ ತಾಯಿಗೆ ಎಪ್ಪತ್ತೆಂಟಾದರೂ ಸಮುದ್ರ ನೋಡುವ ಆಸೆ ಕೈಗೂಡಿರಲಿಲ್ಲ. ಗಂಟೆಗೊಮ್ಮೆ ಇಳಿದು ಬೆನ್ನು ಚಾಚದಿದ್ದರೆ ಅವಳಿಗೆ ಪ್ರಯಾಣವೇ ಆಗದು. ಬೇಕೆಂದಲ್ಲಿ ನಿಲ್ಲಿಸಿ ಅಮ್ಮನನ್ನು ಮಲಗಿಸಬಹುದು ಎಂದೇ ಅವನು ಈ ಸಾಹಸಕ್ಕೆ ಕೈ ಹಾಕಿದ್ದ.

ಮಂಚ, ಒಲೆ, ಕಿಟಕಿ ಎಲ್ಲ ಆಯಿತು. ಬೆಂಚಿನ ಕೆಳಗೆ ಒಂದಿಷ್ಟು ಜಾಗ ಉಳಿಯಿತು. ಅಲ್ಲಿ ನೀರಿನ ಟ್ಯಾಂಕ್ ಇಡೋಣವೆಂದಳು ಹೆಂಡತಿ. ಬಡಗಿ ಆಗಲೇ ಅಲ್ಲಿಗೆ ಒಂಬತ್ತು ಡ್ರಾಯರ್‌ಗಳ ಬೀರು ಕೂರಿಸಿ ಮುಗಿಸಿದ್ದ. ಬೆರಳು ತಾಕಿದರೆ ಸಾಕು, ಬೆಣ್ಣೆಯಿಂದ ಕೂದಲು ತೆಗೆದಂತೆ ಡ್ರಾಯರ್ ಹೊರಗೆ ಬರುತ್ತಿತ್ತು. ಅದರಲ್ಲಿ ಏನಿಡುವುದೆಂದು ಮಾತ್ರ ಅವನಿಗೂ ಗೊತ್ತಿರಲಿಲ್ಲ.

"ಊರೂರಲ್ಲೂ ನಲ್ಲಿ ಇದೆ ಕಣೇ. ಎರಡು ಕ್ಯಾನ್ ತುಂಬ್ಕೊಂಡ್ರೆ ಮೂರು ದಿನಕ್ಕೆ ಬೇಕಾದಷ್ಟಾಯ್ತು," ಎಂದ.

ಗಂಡನ ಜೊತೆ ವಾದಿಸಿ ಗಂಟಲು ಒಣಗಿಸಿಕೊಳ್ಳುವ ಬದಲು ಹೆಂಡತಿ ಹಿಂದಿನ ಬೀದಿಯ ನರ್ಸಮ್ಮನನ್ನು ಕರೆತಂದಳು. ನರ್ಸಮ್ಮನ ಕೆಲಸವೇ ಆಸ್ಪತ್ರೆಯ ಗಾಡಿಯಲ್ಲಿ ಊರೂರು ಸುತ್ತುವುದು. ಬಡಗಿಯ ವಾದವನ್ನೆಲ್ಲ ಅವಳು ತಾಳ್ಮೆಯಿಂದ ಕೇಳಿದಳು.

"ಎಲ್ಲರಿಗೂ ಟ್ಯಾಂಕ್ ಬೇಕೇ ಬೇಕು ಅಂತ ನಾನು ಹೇಳಲ್ಲ. ನಿಮಗೆ ಬೇಕೋ ಬೇಡ್ವೋ ನೀವೇ ನೋಡ್ಕೊಳ್ಳಿ. ಭಾನುವಾರ ಮನೆಗೆ ಬೀಗ ಹಾಕಿ ಕೀಲಿ ನನಗೆ ಕೊಡಿ. ಅಂಗಳದಲ್ಲೇ ಗಾಡೀಲಿ ಇರಿ, ಆ ಎರಡು ಕ್ಯಾನಲ್ಲೇ ಸಂಜೆವರೆಗೆ ಕಳೀರಿ."

ಅದೇನು ಮಹಾ ಎಂದು ಬಡಗಿ ಒಪ್ಪಿದ.

ಭಾನುವಾರ ಬೆಳಿಗ್ಗೆ ಗಂಡ, ಹೆಂಡತಿ, ತಾಯಿ, ಮಗಳು ನಾಲ್ವರೂ ಗಾಡಿ ಹತ್ತಿದರು. ಹಲ್ಲು, ಮುಖ, ಚಹಾ, ಕಕ್ಕಸು ಎಂದು ಮೊದಲ ಕ್ಯಾನ್ ಇಳಿಯತೊಡಗಿತು. ಆರು ವರ್ಷದ ಮಗಳು ತನ್ನ ಕೈ ತೊಳೆದಳು, ಗೊಂಬೆಯ ಕೈ ತೊಳೆದಳು, ಗೊಂಬೆಗೆ ಜ್ವರವೆಂದು ಅದರ ಹಣೆಗೂ ನೀರು ತಟ್ಟಿದಳು. ಹೆಚ್ಚು ನೀರು ಹಾಳು ಮಾಡಿದವನು ಮಾತ್ರ ಬಡಗಿಯೇ. ಇಪ್ಪತ್ತು ಲೀಟರಿನ ಕ್ಯಾನ್ ಎತ್ತಿ ಚೊಂಬಿಗೆ ಬಗ್ಗಿಸುವುದೆಂದರೆ ಹುಡುಗಾಟವೇ? ಚೊಂಬಿಗೆ ಬಿದ್ದದ್ದಕ್ಕಿಂತ ಹಾಸಿಗೆಗೆ ಬಿದ್ದದ್ದೇ ಹೆಚ್ಚು.

ಹನ್ನೊಂದೂವರೆಗೆ ಅವನು ಗಾಡಿಯ ಹಿಂದೆ ನಿಂತು ತಲೆಗೂ ಮುಖಕ್ಕೂ ಸೋಪು ಹಚ್ಚಿಕೊಂಡ. ಕಣ್ಣು ಮುಚ್ಚಿಕೊಂಡೇ ಕ್ಯಾನ್ ಬಗ್ಗಿಸಿದ. ನಾಲ್ಕು ಹನಿ ಬಿತ್ತು. ಇನ್ನೊಂದು ಕ್ಯಾನ್ ಆಗಲೇ ಪಾತ್ರೆ ತೊಳೆದು ಖಾಲಿಯಾಗಿತ್ತು.

"ನೀರು!" ಎಂದು ಕೂಗಿದ.

"ಊರೂರಲ್ಲೂ ನಲ್ಲಿ ಇದ್ಯಂತಲ್ಲ, ಹುಡುಕ್ಕೊಳ್ಳಿ," ಎಂದಳು ಹೆಂಡತಿ ಒಳಗಿನಿಂದ.

ಕಣ್ಣು ಉರಿಯುತ್ತಿತ್ತು. ಗೋಡೆ ತಡವುತ್ತಾ ಪಕ್ಕದ ಮನೆಗೆ ನುಗ್ಗಿದವನು ಅಲ್ಲಿ ಒಣಹಾಕಿದ್ದ ಒದ್ದೆ ದುಪ್ಪಟಿಗೆ ಸಿಕ್ಕಿಬಿದ್ದ. ಆ ಮನೆಯ ನಿವೃತ್ತ ಅಂಚೆಯಣ್ಣ ಪೇಪರ್ ಕೆಳಗಿಟ್ಟು, ಸವಾರಿ ಎಲ್ಲಿಗೆ ಎಂದು ವಿಚಾರಿಸಿದರು.

"ಸಮುದ್ರಕ್ಕೆ," ಎಂದ ಬಡಗಿ, ದುಪ್ಪಟಿಯೊಳಗಿಂದಲೇ.

ಅಂಚೆಯಣ್ಣ ತೋಟದ ನಲ್ಲಿ ತೋರಿಸಿದರು. ಬಡಗಿ ಮುಖ ತೊಳೆದು, ಕ್ಯಾನನ್ನೂ ತರಿಸಿ ತುಂಬಿಸಿ, ಗೆದ್ದವನಂತೆ ಹೊರಟ. ಅದು ಮುಚ್ಚಳವಿಲ್ಲದ ತೊಟ್ಟಿಯ ನೀರು, ಗಿಡಕ್ಕಷ್ಟೇ, ಕುಡಿದರೆ ಹೊಟ್ಟೆ ಕೆಡುತ್ತದೆ ಎಂದು ಅವರು ಹಿಂದಿನಿಂದ ಹೇಳಿದರು. ನಲ್ಲಿ ಇದ್ದಲ್ಲೆಲ್ಲ ಕುಡಿಯುವ ನೀರು ಇರುವುದಿಲ್ಲ ಎನ್ನುವುದು ಅವನಿಗೆ ಹೊಳೆದದ್ದೇ ಆಗ.

ಮರಳಿ ಬಂದರೆ ತಾಯಿ ಮಂಚದ ಮೇಲೆ ಸಪ್ಪಗೆ ಕೂತಿದ್ದಳು. ತುಟಿ ಒಣಗಿತ್ತು, ತಲೆ ತಿರುಗುತ್ತಿತ್ತು. ಹೆಂಡತಿ ಕರೆದ ಕೂಡಲೇ ಬಂದಿದ್ದ ನರ್ಸಮ್ಮ ನಾಡಿ ಹಿಡಿದು, ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿರೆಂದು ಕೇಳಿದಳು. ಒಂದು ಲೋಟ ಚಹಾ ಬಿಟ್ಟರೆ ಏನೂ ಇಲ್ಲ.

"ಕ್ಯಾನ್ ಖಾಲಿಯಾಗ್ತಾ ಇತ್ತಲ್ಲಪ್ಪ," ಎಂದಳು ತಾಯಿ ಮಗನಿಗೆ. "ಮಗೂಗಿರ್ಲಿ ಅಂತ ಸುಮ್ನಿದ್ದೆ."

ನರ್ಸಮ್ಮ ಮನೆಯ ಬೀಗ ತೆಗೆದು ಗುಟುಕು ಗುಟುಕಾಗಿ ನೀರು ಕುಡಿಸಿದಳು. ಅರ್ಧ ಗಂಟೆಯಲ್ಲಿ ತಾಯಿ ಚೇತರಿಸಿಕೊಂಡಳು. ಅಂದೇ ಸಂಜೆ ಬಡಗಿ ಯಾರಿಗೂ ಹೇಳದೆ ಬೀರುವಿನ ಸ್ಕ್ರೂ ಬಿಚ್ಚತೊಡಗಿದ.

ಅವನು ವಾರ್ನಿಷ್ ತುಂಬಿದ್ದ ಹಳೆಯ ಡ್ರಮ್ಮನ್ನೇ ಟ್ಯಾಂಕ್ ಮಾಡಲು ಹೊರಟಾಗ ನರ್ಸಮ್ಮ ತಡೆದಳು. ಕುಡಿಯುವ ನೀರಿಗೆಂದೇ ಮಾಡಿದ ಟ್ಯಾಂಕ್ ತರಿಸಿದಳು. ಲೀಟರಿಗೆ ಒಂದು ಕಿಲೋ ಭಾರವೆಂಬುದನ್ನು ಮರೆಯದೆ, ಗಾಡಿ ತಡೆಯುವಷ್ಟೇ ತುಂಬಿಸಿ, ಚಕ್ರದ ಅಚ್ಚಿನ ಹತ್ತಿರ ತಗ್ಗಿನಲ್ಲಿ ಕೂರಿಸಬೇಕೆಂದಳು. ಊರಿಗೆ ಬಂದ ಮೇಲೆ ಉಳಿದ ನೀರು ಚೆಲ್ಲಿ ಟ್ಯಾಂಕ್ ತೊಳೆಯಬೇಕು, ಬಳಸಿದ ಕೊಳೆ ನೀರಿಗೆ ಬೇರೆಯೇ ಟ್ಯಾಂಕ್ ಇರಬೇಕು ಎಂದೂ ಹೇಳಿದಳು.

ಮುಂದಿನ ತಿಂಗಳು ತಾಯಿ ಸಮುದ್ರ ನೋಡಿದಳು. ದಾರಿಯಲ್ಲಿ ಹನ್ನೊಂದು ಕಡೆ ಗಾಡಿ ನಿಂತಿತು. ಅದರಲ್ಲಿ ಒಂಬತ್ತು ಕಡೆ ನಲ್ಲಿಯ ಸುಳಿವೇ ಇರಲಿಲ್ಲ.

ಮನೆಗಾಡಿ ಕೊಳ್ಳುವವರೇ, ಕಟ್ಟಿಸುವವರೇ, ರಾತ್ರಿಗೊಂದು ಊರು ಸೇರಿ ಒಳ್ಳೆಯ ನೀರಿನ ನಲ್ಲಿ ಇರುವಲ್ಲೇ ತಂಗುವವರಾದರೆ ನಿಮಗೆ ಬುಡದಲ್ಲಿ ಪುಟ್ಟ ನಲ್ಲಿ ಕೂರಿಸಿದ ಎರಡು ಶುದ್ಧ ಕ್ಯಾನ್ ಸಾಕಾದೀತು. ಬಯಲಲ್ಲಿ ನಿಲ್ಲುವವರಾದರೆ, ಜೊತೆಗೆ ಮಕ್ಕಳೋ ಮುದುಕರೋ ಇದ್ದರೆ, ಟ್ಯಾಂಕ್ ಬೇಕು. ತೀರ್ಮಾನಕ್ಕೆ ಮುಂಚೆ ಒಂದು ದಿನ ನಿಮ್ಮ ಅಂಗಳದಲ್ಲೇ ಇದ್ದು ನೋಡಿ. ಯಾರಿಗೆ ಎಷ್ಟು ನೀರು ಬೇಕೆಂದು ಅಳೆಯುವಾಗ, ಬಾಯಾರಿದರೂ ಬಾಯಿಬಿಟ್ಟು ಕೇಳದವರ ಪಾಲನ್ನು ಮೊದಲು ಎತ್ತಿಡಿ.